ತಂತಿ ಏರಿಸಿದ ಮೇಲೆ ಉಳಿಯುವ ಪೊಟ್ಟಣ

ಕೇಳುಗರಿಗೆ ನಮಸ್ಕಾರ.

ಗಿಟಾರಿನ ಹಳೆಯ ತಂತಿಗಳನ್ನು ಬಿಚ್ಚಿ, ಹೊಸ ತಂತಿಗಳನ್ನು ಏರಿಸಿ, ಶ್ರುತಿ ಕೂಡಿಸಿದ ಕೂಡಲೇ ನುಡಿಸುವವರ ಗಮನವೆಲ್ಲ ವಾದ್ಯದ ಕಡೆಗೆ ಹೊರಳುತ್ತದೆ. ಮೇಜಿನ ಮೇಲೆ ಉಳಿದದ್ದರ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಅಲ್ಲಿ ಒಂದು ಹೊರ ಪೊಟ್ಟಣ, ಅದರೊಳಗೆ ತಂತಿಗೆ ತೇವ ತಾಗದಂತೆ ಬೆಸೆದು ಮುಚ್ಚಿದ್ದ ಬೆಳ್ಳಿ ಹೊಳಪಿನ ಒಂದು ಚೀಲ, ಕೆಲವು ತಯಾರಕರ ಸರಕಾದರೆ ಒಂದೊಂದು ತಂತಿಗೂ ಒಂದೊಂದು ಕಾಗದದ ಲಕೋಟೆ ಬಿದ್ದಿರುತ್ತವೆ. ತಿಂಗಳಿಗೊಮ್ಮೆ ಆರೂ ತಂತಿಗಳನ್ನು ಬದಲಿಸುವ ಅಭ್ಯಾಸವಿರುವವರ ಮನೆಯಲ್ಲಿ ವರ್ಷಕ್ಕೆ 12 ಪೊಟ್ಟಣಗಳೂ, ಬಿಡಿ ಲಕೋಟೆಗಳಿದ್ದರೆ 72 ಲಕೋಟೆಗಳೂ ಸೇರುತ್ತವೆ. ಕ್ಲಾರಿನೆಟ್ ನುಡಿಸುವವರಲ್ಲಿ ಹತ್ತು ಹತ್ತು ರೀಡುಗಳ ಪುಟ್ಟ ಪೆಟ್ಟಿಗೆಗಳು, ಪಿಟೀಲಿನವರಲ್ಲಿ ಕಮಾನಿಗೆ ಉಜ್ಜುವ ರಾಳದ ಡಬ್ಬಿಗಳು, ಡ್ರಮ್ ಬಾರಿಸುವವರಲ್ಲಿ ಹೊಸ ಹೊದಿಕೆಗಳು ಬಂದಿಳಿದ ಅಗಲವಾದ ರಟ್ಟಿನ ಪೆಟ್ಟಿಗೆಗಳು ಹೀಗೆಯೇ ಮೂಲೆ ಸೇರುತ್ತವೆ. ಈ ಉಳಿಕೆಗಳಿಂದ ಮನೆಗೆ ಒದಗುವ ವಸ್ತುಗಳನ್ನು ಕೈಯಾರೆ ಮಾಡಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ಮಾತು.

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಈ ಕೆಲಸಕ್ಕೆ ಕೈಹಾಕಿದ ಹೊಸತರಲ್ಲಿ, ಕೈಗೆ ಸಿಕ್ಕಿದ ಯಾವುದನ್ನೂ ಎಸೆಯಬಾರದೆಂಬ ಹಟದಿಂದ, ಡ್ರಮ್ ಕೋಲುಗಳು ಬರುವ ಉದ್ದನೆಯ ರಟ್ಟಿನ ತೋಳುಗಳನ್ನು ಒಟ್ಟಿಗೆ ಅಂಟಿಸಿ ಪೆನ್ನುಗಳನ್ನಿಡುವ ಸ್ಟ್ಯಾಂಡು ಮಾಡಿದೆ. ನೋಡಲು ಚೆನ್ನಾಗಿತ್ತು, ಆದರೆ ಅಡಿಯಲ್ಲಿ ಭಾರವಿಲ್ಲದ್ದರಿಂದ ನಾಲ್ಕು ಪೆನ್ನು ಹಾಕಿದೊಡನೆ ಮಗುಚಿಕೊಳ್ಳುತ್ತಿತ್ತು. ಕೆಲವೇ ದಿನಗಳಲ್ಲಿ ಅದು ಕಸದ ಬುಟ್ಟಿಗೆ ಹೋಯಿತು, ಅದೂ ಅಂಟು ಮೆತ್ತಿಸಿಕೊಂಡು, ಮರುಬಳಕೆಗೆ ಮೊದಲಿಗಿಂತ ಕಷ್ಟದ ವಸ್ತುವಾಗಿ. ಅಲಂಕಾರಕ್ಕೆಂದು ಮಾಡಿ ಧೂಳು ತಿನ್ನಲು ಬಿಡುವ ಇಂಥ ವಸ್ತುಗಳನ್ನು ತಡವಾಗಿ ಎಸೆದ ಕಸವೆಂದೇ ಕರೆಯಬೇಕು.

ಆದ್ದರಿಂದ ಕತ್ತರಿ ಹಿಡಿಯುವ ಮೊದಲು ವಿಂಗಡಿಸಬೇಕು. ಬರಿಯ ಕಾಗದವನ್ನೂ ಬರಿಯ ರಟ್ಟನ್ನೂ ಮರುಬಳಕೆಯವರು ಸುಲಭವಾಗಿ ಒಯ್ಯುತ್ತಾರೆ, ನೀರಿನಲ್ಲಿ ಕಲಸಿ ಮತ್ತೆ ಕಾಗದ ಮಾಡುತ್ತಾರೆ. ನಮಗೆ ಖಚಿತವಾದ ಉಪಯೋಗ ತೋರದಿದ್ದರೆ ಅವುಗಳನ್ನು ಆ ದಾರಿಗೆ ಬಿಡುವುದೇ ಸರಿ. ಕಾಗದದ ಲಕೋಟೆಗಳಲ್ಲಿ ನಾನು ಉಳಿಸಿಕೊಳ್ಳುವುದು ಕೆಲವನ್ನು ಮಾತ್ರ. ಹೂವಿನ ಬೀಜ, ಬಿಡಿ ಗುಂಡಿ, ಹೊಲಿಗೆಯ ಸೂಜಿಗಳನ್ನು ಹಾಕಿ ಮೇಲೆ ಹೆಸರು ಬರೆದಿಡಲು ಅವು ಸಾಕು. ಕೈಕೆಲಸದ ನಿಜವಾದ ಹಕ್ಕುದಾರರು ಮರುಬಳಕೆಯವರು ಬೇಡವೆನ್ನುವ ವಸ್ತುಗಳು: ಬೆಳ್ಳಿ ಹೊಳಪಿನ ಚೀಲ, ಫೋಮಿನ ಅಚ್ಚು, ಆಯಸ್ಕಾಂತದ ಮುಚ್ಚಳವಿರುವ ಗಡಸು ಪೆಟ್ಟಿಗೆ.

ಬೆಳ್ಳಿ ಚೀಲದಿಂದಲೇ ಆರಂಭಿಸೋಣ. ಅದು ನೋಡಲು ಒಂದೇ ಹಾಳೆಯಾದರೂ, ಸಾಮಾನ್ಯವಾಗಿ ಹೊರಗೆ ಮುದ್ರಣಕ್ಕೆ ಒದಗುವ ಪಾಲಿಯೆಸ್ಟರ್, ನಡುವೆ ತೇವವನ್ನೂ ಗಾಳಿಯನ್ನೂ ತಡೆಯುವ ತೆಳು ಅಲ್ಯೂಮಿನಿಯಂ, ಒಳಗೆ ಬಿಸಿಗೆ ಬೆಸೆದುಕೊಳ್ಳುವ ಪಾಲಿಥೀನ್ ಹೀಗೆ ಹಲವು ಪದರಗಳು ಒಂದಕ್ಕೊಂದು ಅಂಟಿರುತ್ತವೆ. ಈ ಪದರಗಳನ್ನು ಬಿಡಿಸುವುದು ದುಬಾರಿಯಾದ್ದರಿಂದ ಹೆಚ್ಚಿನ ಕಡೆ ಇದನ್ನು ಯಾರೂ ಮರುಬಳಕೆಗೆ ತೆಗೆದುಕೊಳ್ಳುವುದಿಲ್ಲ. ಆದರೆ ಮರುಬಳಕೆಯವರಿಗೆ ತಲೆನೋವಾಗುವ ಆ ಗುಣವೇ ನಮಗೆ ಅನುಕೂಲ: ಹರಿಯುವುದಿಲ್ಲ, ನೀರಿಗೆ ಜಗ್ಗುವುದಿಲ್ಲ, ಒಮ್ಮೆ ಒತ್ತಿ ಮಡಿಸಿದ ಗೆರೆಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಚೀಲದ ಬೆಸುಗೆಯ ಅಂಚುಗಳನ್ನು ಕತ್ತರಿಸಿ ಬಿಡಿಸಿಕೊಳ್ಳಿ. ಸಿಕ್ಕಿದ ಹಾಳೆಯನ್ನು 4 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ತುಂಡುಗಳಾಗಿ ಕತ್ತರಿಸಿ. ತುಂಡಿನ ಉದ್ದನೆಯ ಎರಡು ಅಂಚುಗಳನ್ನು ನಡುಗೆರೆಗೆ ತಂದು ಮಡಿಸಿ, ಮತ್ತೆ ನಡುವೆ ಮಡಿಸಿದರೆ, ನಾಲ್ಕು ಪದರಗಳಿರುವ, 1 ಸೆಂಟಿಮೀಟರ್ ಅಗಲದ ಗಟ್ಟಿ ಪಟ್ಟಿ ಸಿಗುತ್ತದೆ. ಈಗ ಆ ಪಟ್ಟಿಯ ಎರಡು ತುದಿಗಳನ್ನು ಅದರ ನಡುವಿಗೆ ತಂದು ಮಡಿಸಿ, ಬಳಿಕ ನಡುವಿನಲ್ಲೇ ಬಾಗಿಸಿದರೆ, 2.5 ಸೆಂಟಿಮೀಟರ್ ಉದ್ದದ ಎರಡು ಕಾಲುಗಳುಳ್ಳ ಒಂದು ಕೊಂಡಿಯಾಗುತ್ತದೆ. ಪ್ರತಿ ಕಾಲಿನಲ್ಲಿಯೂ ಒಂದು ಸೀಳು ಇರುತ್ತದೆ. ಒಂದು ಕೊಂಡಿಯ ಎರಡು ಕಾಲುಗಳನ್ನು ಮತ್ತೊಂದರ ಎರಡು ಸೀಳುಗಳೊಳಗೆ ತೂರಿಸಿ ಬಿಗಿಯಾಗಿ ಎಳೆಯಿರಿ. ಮುಂದಿನದನ್ನು ಎದುರು ದಿಕ್ಕಿನಿಂದ ತೂರಿಸಿ. ಸರಪಳಿ ಅಂಕುಡೊಂಕಾಗಿ ಬೆಳೆಯುತ್ತದೆ, ಅಂಟಿನ ಒಂದು ಹನಿಯೂ ಬೇಕಾಗುವುದಿಲ್ಲ. ಮೊದಲ ಹತ್ತು ಕೊಂಡಿಗಳು ಎಲ್ಲರಿಗೂ ಸೊಟ್ಟವಾಗಿಯೇ ಬರುತ್ತವೆ, ಏಕೆಂದರೆ ನುಣುಪಾದ ಹಾಳೆ ಬೆರಳಿನ ಒತ್ತಡಕ್ಕೆ ಬಗ್ಗದೆ ಚಿಮ್ಮಿ ಮೇಲೇಳುತ್ತದೆ. ಪ್ರತಿ ಮಡಿಕೆಯನ್ನೂ ಚಮಚದ ಬೆನ್ನಿನಿಂದ ತೀಡಿದರೆ ಈ ತೊಂದರೆ ತೀರುತ್ತದೆ.

ಸಾಕಷ್ಟು ಉದ್ದದ ಸರಪಳಿಗಳಾದ ಮೇಲೆ ಅವುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಏಣು ಏಣಿಗೆ ಕೂರುವಂತೆ ನೈಲಾನ್ ದಾರದಿಂದ ಹೊಲಿದರೆ, ಕನ್ನಡಕದ ಚೀಲ, ಗೋಡೆಗೆ ತೂಗುಹಾಕುವ ಪತ್ರಗಳ ಜೋಳಿಗೆ, ಸ್ನಾನದ ಮನೆಯ ಹಣಿಗೆ ಇಡುವ ಬುಟ್ಟಿ ಸಿದ್ಧವಾಗುತ್ತವೆ. ನೀರು ಸಿಡಿದರೂ ಕೆಡದ ಕಾರಣ ಈ ಕೊನೆಯದು ನನಗೆ ಹೆಚ್ಚು ಮೆಚ್ಚುಗೆ. ಒಬ್ಬ ವಾದಕನ ಒಂದು ವರ್ಷದ ಪೊಟ್ಟಣಗಳು ಬುಟ್ಟಿಗೆ ಸಾಲುವುದಿಲ್ಲ. ಜೊತೆಗೆ ನುಡಿಸುವವರನ್ನೂ ಸಂಗೀತ ಕಲಿಸುವವರನ್ನೂ ಕೇಳಿ ಕೂಡಿಹಾಕಬೇಕಾಗುತ್ತದೆ. ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. ಬಿಸಿ ಪಾತ್ರೆಯ ಅಡಿಗೆ ಇಡುವ ಮಣೆಯಾಗಿ ಇದನ್ನು ಬಳಸಬೇಡಿ, ಏಕೆಂದರೆ ಒಳಪದರದ ಪಾಲಿಥೀನ್ ನೀರು ಕುದಿಯುವ ಬಿಸಿಗಿಂತ ತುಸು ಮೇಲೆಯೇ ಕರಗತೊಡಗುತ್ತದೆ. ತಿನ್ನುವ ಪದಾರ್ಥಗಳನ್ನೂ ಇದರಲ್ಲಿ ಇಡಬೇಡಿ, ಏಕೆಂದರೆ ಲೋಹದ ತಂತಿಗೆ ತುಕ್ಕು ಹಿಡಿಯದಂತೆ ಕೆಲವು ಚೀಲಗಳಲ್ಲಿ ಆವಿಯಾಗಿ ಹರಡುವ ರಾಸಾಯನಿಕವನ್ನು ಸೇರಿಸಿರುತ್ತಾರೆ.

ಡ್ರಮ್ ಹೊದಿಕೆಗಳ ಪೆಟ್ಟಿಗೆಗಳ ವಿಷಯದಲ್ಲಿ, ರಟ್ಟನ್ನು ಮರುಬಳಕೆಗೆ ಬಿಡಿ ಎಂದು ಹೇಳಿದ ನಾನೇ ವಿನಾಯಿತಿ ಕೊಡುತ್ತೇನೆ. ದೊಡ್ಡ ಬೇಸ್ ಡ್ರಮ್ಮಿನ ಹೊದಿಕೆ ಸಾಮಾನ್ಯವಾಗಿ 22 ಅಂಗುಲ, ಅಂದರೆ ಸುಮಾರು 56 ಸೆಂಟಿಮೀಟರ್ ಅಡ್ಡಳತೆಯದು; ಅದು ಬರುವ ಚಪ್ಪಟೆ ಪೆಟ್ಟಿಗೆಯಲ್ಲಿ ಅಷ್ಟು ಅಗಲದ, ಮಡಿಕೆಯಿಲ್ಲದ ರಟ್ಟು ಎರಡು ಹಾಳೆ ಸಿಗುತ್ತದೆ. ಇಂಥ ಹಾಳೆ ಸುಮ್ಮನೆ ಸಿಗುವುದು ಅಪರೂಪ. ಇದು ಒಳಗೆ ಅಲೆಯಲೆಯಾದ ಕಾಗದವಿರುವ ರಟ್ಟು. ಗಾಜಿನ ಸೀಸೆಗಳನ್ನೂ ದೀಪದ ಚಿಮಣಿಗಳನ್ನೂ ಸುತ್ತಿ ಕಳುಹಿಸಲು ಅಮೆರಿಕದ ಆಲ್ಬರ್ಟ್ ಜೋನ್ಸ್ ಎಂಬುವರು 1871ರಲ್ಲಿ ಅಲೆಗಾಗದಕ್ಕೆ ಪೇಟೆಂಟ್ ಪಡೆದರು. ಅದಕ್ಕೆ ಸಪಾಟಾದ ಹಾಳೆಯನ್ನು ಅಂಟಿಸಿ ಬಿಗಿಗೊಳಿಸುವ ಉಪಾಯವನ್ನು 1874ರಲ್ಲಿ ಆಲಿವರ್ ಲಾಂಗ್ ಎಂಬುವರು ಕಂಡುಕೊಂಡರು. ಈ ರಟ್ಟು ಅಲೆಗಳ ಉದ್ದಕ್ಕೆ ಬಲು ಗಟ್ಟಿ, ಅಡ್ಡಕ್ಕೆ ಮೆತ್ತಗೆ. ಆದ್ದರಿಂದ ಮೂರು ಹಾಳೆಗಳನ್ನು ತೆಗೆದುಕೊಂಡು, ನಡುವಿನ ಹಾಳೆಯ ಅಲೆಗಳು ಮೇಲಿನ ಮತ್ತು ಕೆಳಗಿನ ಹಾಳೆಯ ಅಲೆಗಳಿಗೆ ಅಡ್ಡವಾಗಿ ಬರುವಂತೆ ಜೋಡಿಸಿ, ಬಿಳಿ ಅಂಟನ್ನು ತೆಳುವಾಗಿ ಹಚ್ಚಿ, ಪುಸ್ತಕಗಳ ರಾಶಿಯಡಿ ಒಂದು ರಾತ್ರಿ ಒತ್ತಿಟ್ಟರೆ, ಪ್ಲೈವುಡ್ಡಿನ ತತ್ತ್ವವೇ ಇಲ್ಲಿಯೂ ಕೆಲಸ ಮಾಡಿ, ಯಾವ ಕಡೆಗೂ ಸುಲಭವಾಗಿ ಬಾಗದ ಹಲಗೆಯೊಂದು ದೊರೆಯುತ್ತದೆ.

ಆ ಹಲಗೆಯಿಂದ ಸೂಚನಾ ಫಲಕ, ತೊಡೆಯ ಮೇಲಿಟ್ಟು ಬರೆಯುವ ಮಣೆ, ಮಂಚದಡಿ ಜಾರಿಸಿಡುವ ತಟ್ಟೆ ಮಾಡಬಹುದು. ಮೇಲೆ ಬಣ್ಣದ ಕಾಗದವನ್ನೋ ಹಳೆಯ ಸ್ವರಲಿಪಿಯ ಹಾಳೆಯನ್ನೋ ಅಂಟಿಸುವುದಾದರೆ ಎರಡೂ ಬದಿಗೆ ಅಂಟಿಸಿ. ಒದ್ದೆಯಾದ ಕಾಗದ ಒಣಗುವಾಗ ಕುಗ್ಗುತ್ತದೆ. ಒಂದೇ ಬದಿಗೆ ಅಂಟಿಸಿದರೆ ಹಲಗೆಯನ್ನು ತನ್ನ ಕಡೆಗೆ ಎಳೆದು ಬಿಲ್ಲಿನಂತೆ ಬಾಗಿಸಿಬಿಡುತ್ತದೆ. ಅಂಚುಗಳಲ್ಲಿ ಅಲೆಗಳ ಬಾಯಿ ತೆರೆದೇ ಇದ್ದರೆ ಧೂಳೂ ಹುಳವೂ ಸೇರುತ್ತವೆ, ಆದ್ದರಿಂದ ಬಟ್ಟೆಯ ಪಟ್ಟಿಯಿಂದ ಅವನ್ನು ಮುಚ್ಚುವುದು ಅಗತ್ಯ.

ಹೆಡ್‌ಫೋನ್, ಮೈಕ್ರೊಫೋನ್‌ಗಳು ಬರುವ ಗಡಸು ಪೆಟ್ಟಿಗೆಗಳಿಗೆ ಹೆಚ್ಚು ಕೆಲಸವೇ ಬೇಡ, ಅವು ಆಗಲೇ ಪೆಟ್ಟಿಗೆಗಳು. ಹೊಲಿಗೆಯ ಸಾಮಾನಿಗೋ ಹಳೆಯ ಪತ್ರಗಳಿಗೋ ಹೊಂದುವಂತೆ ಒಳಗೆ ತೆಳುರಟ್ಟಿನ ಅಡ್ಡಗೋಡೆಗಳನ್ನು ಕೂರಿಸಿದರೆ ಸಾಕು. ಮುಚ್ಚಳದೊಳಗಿನ ಆಯಸ್ಕಾಂತವನ್ನು ಮಾತ್ರ ಕಿತ್ತು ತೆಗೆಯಬೇಡಿ. ಮಕ್ಕಳು ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಗೋಡೆಗಳ ಎರಡೂ ಕಡೆಯಿಂದ ಒಂದನ್ನೊಂದು ಹಿಡಿದುಕೊಂಡು ಪ್ರಾಣಕ್ಕೇ ಅಪಾಯ ತರುತ್ತವೆ. ಒಳಗಿನ ಫೋಮಿನಲ್ಲಿ ಎರಡು ಜಾತಿಗಳನ್ನು ಗುರುತಿಸಿಕೊಳ್ಳಬೇಕು. ಒತ್ತಿದರೆ ಸ್ಪಂಜಿನಂತೆ ಪೂರ್ತಿ ಕುಗ್ಗುವ ಪಾಲಿಯುರೆಥೇನ್ ಫೋಮ್ ಕೆಲವು ವರ್ಷಗಳಲ್ಲಿ ಗಾಳಿಯ ತೇವಕ್ಕೆ ಅಂಟಂಟಾಗಿ ಪುಡಿಯಾಗುತ್ತದೆ, ಅದರಿಂದ ಬಾಳುವ ವಸ್ತುವನ್ನು ಮಾಡಲಾಗದು. ಬಿಗಿಯಾಗಿ, ರಬ್ಬರ್ ಚಪ್ಪಲಿಯ ಅಟ್ಟೆಯಂತೆ ಇರುವ ಫೋಮ್ ಬಹುಕಾಲ ಬಾಳುತ್ತದೆ. ಕುರ್ಚಿಯ ಕಾಲುಗಳಿಗೆ ಪಾದ, ಹೂಕುಂಡದಡಿಯ ಮೆತ್ತೆ, ಡ್ರಾಯರಿನ ಹಾಸು ಯಾವುದಕ್ಕಾದರೂ ಆದೀತು. ವಾದ್ಯವನ್ನು ಒರಗಿಸಿಡುವ ಸ್ಟ್ಯಾಂಡಿಗೆ ಅದನ್ನು ಹಚ್ಚುವವರು ಮೇಲೊಂದು ಹತ್ತಿಬಟ್ಟೆಯನ್ನು ಹೊದಿಸಲಿ, ಏಕೆಂದರೆ ನೈಟ್ರೊಸೆಲ್ಯುಲೋಸ್ ಮೆರುಗೆಣ್ಣೆ ಬಳಿದ ಗಿಟಾರುಗಳ ಮೈ ಕೆಲವು ಬಗೆಯ ರಬ್ಬರ್ ಮತ್ತು ಪ್ಲಾಸ್ಟಿಕ್ಕಿನ ಸ್ಪರ್ಶಕ್ಕೆ ಮೆತ್ತಗಾಗಿ ಕಲೆ ಬೀಳುತ್ತದೆ.

ಸಿ.ಡಿ.ಯ ಪಾರದರ್ಶಕ ಡಬ್ಬಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಿ.ಡಿ.ಗಳು 1982ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ, 142 ಮಿಲಿಮೀಟರ್ ಉದ್ದ, 125 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪವಾಗಿ ಇರುವ ಈ ಡಬ್ಬಿಗಳು ಹಿಂದುಮುಂದಾಗಿ ತೆರೆದು ನಿಲ್ಲಿಸಿದರೆ ಚಿತ್ರದ ಚೌಕಟ್ಟಾಗುತ್ತವೆ, ಮೇಜಿನ ಕ್ಯಾಲೆಂಡರ್ ಆಗುತ್ತವೆ. ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಾನು ನಿರೀಕ್ಷಿಸುವುದಿಲ್ಲ, ಏಕೆಂದರೆ ಆ ಪಾಲಿಸ್ಟೈರೀನ್ ಗಾಜಿನಂತೆ ಸೀಳಿ ಒಡೆಯುತ್ತದೆ. ಬೆಲೆಯ ಚೀಟಿ ತೆಗೆಯಲು ಉಗುರುಬಣ್ಣ ಅಳಿಸುವ ದ್ರಾವಣವನ್ನು ತಾಗಿಸಬೇಡಿ, ಅದರಲ್ಲಿರುವ ಅಸಿಟೋನ್ ಈ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಒಂದು ಹನಿ ಅಡುಗೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಅಂಟು ಬಿಡುತ್ತದೆ.

ಕೀಬೋರ್ಡಿನ ಪೆಟ್ಟಿಗೆಯ ಥರ್ಮೊಕೋಲನ್ನು ಬಿಸಿ ತಂತಿಯಿಂದ ಕತ್ತರಿಸುವ ವಿಧಾನವನ್ನು ಹಲವರು ಹೇಳಿಕೊಡುತ್ತಾರೆ. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಕುಡಿಯುವುದಕ್ಕಿಂತ ಹರಿತವಾದ ಚಾಕುವೇ ಮೇಲು. ಎಲ್ಲ ಪೆಟ್ಟಿಗೆಗಳಲ್ಲೂ ಸಿಗುವ ಸಿಲಿಕಾ ಜೆಲ್ಲಿನ ಪುಟ್ಟ ಚೀಲಗಳನ್ನು ಬಿಚ್ಚದೆ, ಮಕ್ಕಳ ಕೈಗೆ ಸಿಗದಂತೆ, ಕಬ್ಬಿಣದ ಉಪಕರಣಗಳ ಡಬ್ಬಿಯಲ್ಲೋ ಛಾಯಾಚಿತ್ರಗಳ ಪೆಟ್ಟಿಗೆಯಲ್ಲೋ ಇಡಿ. ಕಾಳುಗಳು ನೀಲಿಯಾಗಿದ್ದು ತೇವ ಹೀರಿದಂತೆ ಗುಲಾಬಿ ಬಣ್ಣಕ್ಕೆ ತಿರುಗುವ ಬಗೆಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣವಿರುತ್ತದೆ, ಅದನ್ನು ಮನೆಯಲ್ಲಿ ಉಳಿಸಿಕೊಳ್ಳದಿರುವುದೇ ಒಳ್ಳೆಯದು.

ಕೊನೆಗೆ ರಾಳದ ಡಬ್ಬಿ. ದುಂಡಗಿನ ತಗಡಿನ ಡಬ್ಬಿಯಾದರೆ, ಅಂಟಿಕೊಂಡ ರಾಳದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮುಚ್ಚಳದ ನಡುವೆ ಒಂದು ಸಣ್ಣ ತೂತು ಕೊರೆದು, ತೂತಿನ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿಕೊಳ್ಳಿ. ನನ್ನ ವಾದ್ಯಗಳ ಬಳಿ ಅಂಥದೊಂದು ಡಬ್ಬಿ ಸದಾ ಇರುತ್ತದೆ. ಹೊಸ ತಂತಿ ಏರಿಸಿದ ಮೇಲೆ ಕತ್ತರಿಸಿ ತೆಗೆಯುವ ತುದಿಗಳು ಸೂಜಿಯಷ್ಟೇ ಚೂಪು; ನೆಲಕ್ಕೆ ಬಿದ್ದರೆ ಬರಿಗಾಲಿಗೆ ಚುಚ್ಚುತ್ತವೆ, ಕಸದ ಚೀಲಕ್ಕೆ ಹಾಕಿದರೆ ಚೀಲವನ್ನು ಸೀಳಿ ಕಸ ಎತ್ತುವವರ ಕೈಗೆ ನಾಟುತ್ತವೆ. ಆ ತುದಿಗಳನ್ನೆಲ್ಲ ತೂತಿನ ಮೂಲಕ ಒಳಗೆ ಹಾಕುತ್ತೇನೆ. ಡಬ್ಬಿ ತುಂಬಿದಾಗ ತೂತಿನ ಮೇಲೊಂದು ಪಟ್ಟಿ ಅಂಟಿಸಿ, ಹಾಗೆಯೇ ಲೋಹದ ಗುಜರಿಗೆ ಕೊಟ್ಟು, ಮುಂದಿನ ರಾಳ ಮುಗಿಯುವುದನ್ನು ಕಾಯುತ್ತೇನೆ.

ನಮಸ್ಕಾರ.