ಗೀಸರ್‌ನ ಬಿಳಿ ಚಕ್ಕೆ ಮತ್ತು ಪರಮಾಣುಗಳ ಲೆಕ್ಕ

ಮಕ್ಕಳೇ, ಜೊತೆಗೆ ಬಂದಿರುವ ಅಪ್ಪ ಅಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಎಸ್‌ಎಸ್‌ಎಲ್‌ಸಿ ಹತ್ತಿರ ಬಂತು ಅಂದರೆ ರಸಾಯನಶಾಸ್ತ್ರ ಬರೀ ಬಾಯಿಪಾಠ ಆಗಿಬಿಡುತ್ತದೆ. ಇವತ್ತು ಅದು ಬೇಡ. ಒಂದೇ ಒಂದು ವಸ್ತು ಇಟ್ಟುಕೊಂಡು ಮಾತಾಡೋಣ. ಬೆಂಗಳೂರಲ್ಲಿ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಅದನ್ನು ಹುಡುಕಬೇಕಾಗಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ, ಷವರ್‌ನ ತೂತುಗಳಲ್ಲಿ ಬಿಳಿ ಪದರ ಕಟ್ಟಿಕೊಂಡಿರುತ್ತದಲ್ವಾ, ಅದೇ. ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹೆಚ್ಚುಪಾಲು ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಚಿಪ್ಪು, ಅಮೃತಶಿಲೆ ಕೂಡ ಇದರದ್ದೇ.

ಮಳೆನೀರು ಗಾಳಿಯಿಂದ, ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಲಾಲ್‌ಬಾಗ್ ಬಂಡೆ ನೋಡಿದ್ದೀರಿ. ಅಂಥ ಕಲ್ಲೇ ನಮ್ಮ ಊರಿನ ಅಡಿಗೂ ಹಾಸಿಕೊಂಡಿದೆ. ಅದರ ಬಿರುಕುಗಳಲ್ಲಿ ಇಳಿಯುವಾಗ ನೀರು ಖನಿಜಗಳಿಂದ ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತದೆ. ಹೀಗೆ ನೀರಿಗೆ ಸೇರುವುದು ಕ್ಯಾಲ್ಸಿಯಂ ಹೈಡ್ರೋಜನ್ ಕಾರ್ಬೊನೇಟ್. ಕರಗಿರುವವರೆಗೆ ಅದು ಕಣ್ಣಿಗೆ ಕಾಣುವುದಿಲ್ಲ. ಸೋಪು ಸರಿಯಾಗಿ ನೊರೆ ಬರದಿದ್ದಾಗ ಮಾತ್ರ ಗೊತ್ತಾಗುತ್ತದೆ.

ಈಗ ಈ ನೀರನ್ನು ಒಲೆಯ ಮೇಲಿಡಿ. ಎರಡು ಬದಲಾವಣೆ ಒಟ್ಟಿಗೆ ಆಗುತ್ತವೆ. ನೀರು ಆವಿಯಾಗುವುದು ಭೌತ ಬದಲಾವಣೆ. ಆವಿಯೂ ನೀರೇ, ತಣಿದರೆ ಮತ್ತೆ ನೀರೇ. ಅಂದ ಹಾಗೆ, ಪುಸ್ತಕದಲ್ಲಿರುವ 100 ಡಿಗ್ರಿ ಸಮುದ್ರಮಟ್ಟದ್ದು. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎರಡನೆಯದು ರಾಸಾಯನಿಕ ಬದಲಾವಣೆ. ಕರಗಿದ್ದ ಹೈಡ್ರೋಜನ್ ಕಾರ್ಬೊನೇಟ್ ಒಡೆದು ಕಾರ್ಬೊನೇಟ್, ನೀರು, ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕಾರ್ಬೊನೇಟ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಹಾಗಾಗಿ ತಳಕ್ಕೆ ಅಂಟಿಕೊಳ್ಳುತ್ತದೆ.

ಮಕ್ಕಳು ಎಡವುವುದು ಇಲ್ಲೇ, ಅದಕ್ಕೆ ನಿಧಾನವಾಗಿ ಹೋಗೋಣ. ಅಯಾನು ಅಂದರೆ ವಿದ್ಯುತ್ ಆವೇಶ ಹೊತ್ತ ಕಣ. ಕ್ಯಾಲ್ಸಿಯಂ ಅಯಾನಿನ ಆವೇಶ ಪ್ಲಸ್ ಎರಡು. ಕಾರ್ಬೊನೇಟಿನದ್ದು ಮೈನಸ್ ಎರಡು. ಒಂದಕ್ಕೆ ಒಂದು ಸಾಕು. ಹೈಡ್ರೋಜನ್ ಕಾರ್ಬೊನೇಟಿನದ್ದು ಮೈನಸ್ ಒಂದೇ, ಹಾಗಾಗಿ ಒಂದು ಕ್ಯಾಲ್ಸಿಯಂಗೆ ಅವು ಎರಡು ಬೇಕು. ಈಗ ಸಮೀಕರಣ ಬರೆಯಿರಿ: ಒಡೆಯುವ ಕ್ಯಾಲ್ಸಿಯಂ ಹೈಡ್ರೋಜನ್ ಕಾರ್ಬೊನೇಟ್ ಎಡಗಡೆ, ಸಿಗುವ ಮೂರು ವಸ್ತು ಬಲಗಡೆ. ಎಣಿಸಿ. ಎಡಗಡೆ ಕ್ಯಾಲ್ಸಿಯಂ 1, ಹೈಡ್ರೋಜನ್ 2, ಕಾರ್ಬನ್ 2, ಆಕ್ಸಿಜನ್ 6. ಬಲಗಡೆ ಆಕ್ಸಿಜನ್ ನೋಡಿ: ಕಾರ್ಬೊನೇಟಿನಲ್ಲಿ 3, ಕಾರ್ಬನ್ ಡೈಆಕ್ಸೈಡಿನಲ್ಲಿ 2, ನೀರಿನಲ್ಲಿ 1. ಆರಕ್ಕೆ ಆರು ಸರಿಹೋಯಿತು. ಉಳಿದವನ್ನು ನೀವೇ ನೋಡಿ, ಅವೂ ಸರಿಹೋಗುತ್ತವೆ. ಪರಮಾಣುಗಳು ಜೋಡಿ ಬದಲಾಯಿಸಿದವು, ಒಂದೂ ಕಳೆದುಹೋಗಲಿಲ್ಲ, ಹೊಸದಾಗಿ ಹುಟ್ಟಲೂ ಇಲ್ಲ. ಸಮೀಕರಣ ಹೇಳುವುದು ಇಷ್ಟೇ.

ಅದಕ್ಕೇ ಸರಿದೂಗಿಸುವಾಗ ಸೂತ್ರದೊಳಗಿನ ಪುಟ್ಟ ಅಂಕಿ ಮುಟ್ಟಬೇಡಿ. ಎಚ್ ಟು ಓ ನೀರು. ಆ ಓ ಪಕ್ಕಕ್ಕೂ ಒಂದು ಎರಡು ಬರೆದರೆ ಅದು ಹೈಡ್ರೋಜನ್ ಪೆರಾಕ್ಸೈಡ್, ಬೇರೆಯೇ ವಸ್ತು! ಬದಲಾಯಿಸುವುದಿದ್ದರೆ ಸೂತ್ರದ ಮುಂದಿನ ಸಂಖ್ಯೆಯನ್ನು ಮಾತ್ರ.

ಈ ಚಕ್ಕೆ ಹೋಗಿಸುವುದು ಹೇಗೆ? ವಿನೆಗರ್ ಹಾಕಿ. ಚಕ್ಕೆಯ ಮೈಮೇಲೆಲ್ಲ ಸಣ್ಣ ಗುಳ್ಳೆ ಏಳುತ್ತವೆ. ಅದು ಕಾರ್ಬನ್ ಡೈಆಕ್ಸೈಡ್, ಸುಣ್ಣದ ತಿಳಿನೀರಿಗೆ ಹಾಯಿಸಿದರೆ ಬೆಳ್ಳಗಾಗುತ್ತದೆ. ಇಲ್ಲಿ ಒಂದು ಕಾರ್ಬೊನೇಟ್‌ಗೆ ಎರಡು ಅಸಿಟಿಕ್ ಆಮ್ಲ ಬೇಕು. ತೂಕದಲ್ಲಿ ನೋಡಿದರೆ, 100 ಗ್ರಾಂ ಕಾರ್ಬೊನೇಟ್, 120 ಗ್ರಾಂ ಆಮ್ಲ, ಒಟ್ಟು 220. ಸಿಗುವುದು 158 ಗ್ರಾಂ ಕ್ಯಾಲ್ಸಿಯಂ ಅಸಿಟೇಟ್, 18 ಗ್ರಾಂ ನೀರು, 44 ಗ್ರಾಂ ಅನಿಲ. ಕೂಡಿಸಿ ನೋಡಿ, ಅದೇ 220.

ಒಂದೊಂದೇ ಪರಮಾಣು ಎಣಿಸಲು ಆಗುವುದಿಲ್ಲ, ತೂಗಲು ಆಗುತ್ತದೆ. ಈ ಎರಡರ ನಡುವಿನ ಕೊಂಡಿಯೇ ಮೋಲ್, ಅಂದರೆ ಡಜನ್ ಇದ್ದ ಹಾಗೆ ಕಣಗಳ ಒಂದು ನಿಗದಿತ ಎಣಿಕೆ. 18 ಗ್ರಾಂ ನೀರು, ಅಂದರೆ ಮೂರೂವರೆ ಟೀ ಚಮಚ, ಒಂದು ಮೋಲ್. ಅದರಲ್ಲಿರುವ ಅಣುಗಳ ಸಂಖ್ಯೆ ಸುಮಾರು 602ರ ಮುಂದೆ 21 ಸೊನ್ನೆ. 2019ರಿಂದ ಈ ಸಂಖ್ಯೆಯನ್ನು ಅಳತೆಗೆ ಬಿಡದೆ ನಿಖರವಾಗಿ ನಿಗದಿ ಮಾಡಿದ್ದಾರೆ. ಇದು ಮನಸ್ಸಿಗೆ ಕೂತರೆ ಮುಂದೆ ಪಿಯುಸಿಯಲ್ಲಿ ಬರುವ ಲೆಕ್ಕಗಳು ಎಷ್ಟೋ ಹಗುರ.

ಒಂದು ಮಾತು ಮಾತ್ರ ಮರೆಯಬೇಡಿ. ಬಾತ್‌ರೂಮ್ ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಅದು ಜೀವಕ್ಕೆ ಅಪಾಯ. ಮನೆಯಲ್ಲೂ ಹೇಳಿ.

ಈಗ ನೋಟ್‌ಬುಕ್ ತೆಗೆಯಿರಿ. ಸುಣ್ಣದ ಗೂಡಿನಲ್ಲಿ 50 ಕಿಲೋ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟರೆ ಎಷ್ಟು ಕಿಲೋ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಉಳಿಯುತ್ತದೆ? ಪರಮಾಣು ತೂಕ: ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ 16. ಮೊದಲು ಸಮೀಕರಣ ಬರೆದು ಪರಮಾಣು ಎಣಿಸಿ, ಆಮೇಲೆ ತೂಕಕ್ಕೆ ಬನ್ನಿ. ಆದವರು ಬೋರ್ಡ್ ಹತ್ತಿರ ಬನ್ನಿ.