ಲೋಲಕ ತೂಗಿ ನೋಡಿದ ಹಿಮಾಲಯ

ಕೇಳುಗರಿಗೆ ನಮಸ್ಕಾರ. ದೇಶದ ನೆಲವನ್ನೆಲ್ಲ ಅಳೆದ ಭಾರತದ ಮಹಾ ತ್ರಿಕೋನಮಿತಿ ಸಮೀಕ್ಷೆ ಎಂದೊಡನೆ ಎಲ್ಲರೂ ಸರಪಳಿ, ಕೋನ ಅಳೆಯುವ ಥಿಯೊಡೊಲೈಟುಗಳ ಕಥೆಯನ್ನೇ ಹೇಳುತ್ತಾರೆ; ಅದೇ ಸಮೀಕ್ಷೆ ಊರಿಂದೂರಿಗೆ ಲೋಲಕಗಳನ್ನೂ ಹೊತ್ತು ತಿರುಗಿದ್ದನ್ನು ಮಾತ್ರ ಯಾಕೋ ಮರೆತುಬಿಡುತ್ತಾರೆ. ಇಂದು ನಾನು ಹೇಳಬೇಕಾದುದು ಒಂದೇ ಮಾತು: ಲೋಲಕದ ಉದ್ದ ಬದಲಾಗದಿದ್ದರೆ, ಅದರ ತೂಗಾಟದ ಎಣಿಕೆಯಲ್ಲಿ ಕಾಣುವ ಹೆಚ್ಚುಕಡಿಮೆ ಆ ಸ್ಥಳದ ಗುರುತ್ವದ್ದು.

ಇದರ ಅಗತ್ಯ ಬಿದ್ದದ್ದು ಹಿಮಾಲಯದಿಂದಾಗಿ. ಸಮೀಕ್ಷೆಯ ಠಾಣೆಗಳಾದ ಕಲಿಯಾನಾ ಮತ್ತು ಕಲ್ಯಾಣಪುರಗಳ ಅಕ್ಷಾಂಶದ ಅಂತರ ನಕ್ಷತ್ರ ನೋಡಿದರೆ ಒಂದು, ನೆಲ ಅಳೆದರೆ ಇನ್ನೊಂದು ಬರುತ್ತಿತ್ತು. ವ್ಯತ್ಯಾಸ 5 ಕೋನ ಸೆಕೆಂಡಿಗೆ (ಒಂದು ಕೋನ ಸೆಕೆಂಡೆಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು) ತುಸು ಮಿಕ್ಕಿತ್ತು. ನಕ್ಷತ್ರ ನೋಡುವಾಗ ನೇರ ಕೆಳದಿಕ್ಕನ್ನು ತೋರುವ ತೂಗುಗುಂಡನ್ನು ಪರ್ವತವೇ ತನ್ನತ್ತ ಎಳೆಯುತ್ತಿದೆ ಎಂದು ಕಲ್ಕತ್ತದ ಪಾದ್ರಿ ಪ್ರ್ಯಾಟ್ ಗುಣಿಸಿ ನೋಡಿದರೆ 15 ಸೆಕೆಂಡಿಗೂ ಹೆಚ್ಚು ಬಂದಿತು. ಅಷ್ಟು ದೊಡ್ಡ ಬೆಟ್ಟ ಎಳೆಯಬೇಕಾದಷ್ಟು ಎಳೆಯುತ್ತಿರಲಿಲ್ಲ! ನೀರಿನಲ್ಲಿ ತೇಲುವ ದಿಮ್ಮಿಯಂತೆ ಬೆಟ್ಟಕ್ಕೂ ಆಳದಲ್ಲಿ ಹಗುರವಾದ ಬುಡವಿದೆ ಎಂದು ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ 1855ರಲ್ಲಿ ಸೂಚಿಸಿದರು.

ಆ ಬುಡವನ್ನು ಅಗೆದು ನೋಡಲಾದೀತೇ? ಲೋಲಕ ತೂಗಿ ನೋಡಬಹುದು: ಬುಡ ಹಗುರವಾಗಿದ್ದರೆ ಅಲ್ಲಿ ಗುರುತ್ವ ಕಡಿಮೆ, ಲೋಲಕ ನಿಧಾನ. 1865ರಲ್ಲಿ ಸಮೀಕ್ಷೆಯ ಕ್ಯಾಪ್ಟನ್ ಬಸೇವಿ ರಾಯಲ್ ಸೊಸೈಟಿಯ ಲೋಲಕಗಳೊಂದಿಗೆ ಈ ಕೆಲಸಕ್ಕಿಳಿದರು. ನಮ್ಮ ಮಂಗಳೂರು, ಬೆಂಗಳೂರುಗಳೂ ಅವರ ಠಾಣೆಗಳಾಗಿದ್ದವು. ಗಾಳಿ ತೆಗೆದ ಪಾತ್ರೆಯೊಳಗೆ ಲೋಲಕ, ಅದರ ಹಿಂದೆ ಗಡಿಯಾರದ ಲೋಲಕ, ಎದುರಿಗೆ ದೂರದರ್ಶಕ; ಎರಡೂ ಒಂದೇ ಕ್ಷಣಕ್ಕೆ ಕೆಳಬಿಂದುವನ್ನು ದಾಟುವುದನ್ನು ಕಾಯುತ್ತ, ಅಂಥ ಎರಡು ಕ್ಷಣಗಳ ನಡುವಿನ ಹೊತ್ತನ್ನು ಬರೆದುಕೊಳ್ಳುವುದು; ಅದರಿಂದಲೇ ದಿನದ ತೂಗಾಟಗಳ ಎಣಿಕೆ ಸಿಗುತ್ತಿತ್ತು. ಲೋಲಕದ ಹಿತ್ತಾಳೆ ಬಿಸಿಗೆ ಹಿಗ್ಗುವುದರಿಂದ ಉಷ್ಣಮಾಪಕದ ಮೇಲೂ ಕಣ್ಣಿರಬೇಕಿತ್ತು. ದಿನಕ್ಕೆ 86,000ದಷ್ಟು ತೂಗಾಟಗಳಲ್ಲಿ ಒಂದೆರಡರ ವ್ಯತ್ಯಾಸವನ್ನೂ ಬಿಡದೆ ಹಿಡಿಯುವ ಈ ತಾಳ್ಮೆಯನ್ನು ಗಡಿಯಾರದ ಆಟವೆನ್ನುವವರ ಮೇಲೆ ನನಗೆ ಸ್ವಲ್ಪ ಕೋಪವೇ ಇದೆ.

1871ರ ಬೇಸಿಗೆಯಲ್ಲಿ ಬಸೇವಿ ಈ ಸಲಕರಣೆಗಳನ್ನೆಲ್ಲ ಲಡಾಖಿನ ಮೋರೆ ಬಯಲಿಗೆ, 15,000 ಅಡಿಗೂ ಮೇಲಕ್ಕೆ, ಸಾಗಿಸಿದರು. ಅಷ್ಟು ಎತ್ತರಕ್ಕೆ ಏರಿ ಭೂಕೇಂದ್ರದಿಂದ ದೂರವಾದ ಮಾತ್ರಕ್ಕೇ ಲೋಲಕ ದಿನಕ್ಕೆ ಸುಮಾರು 60 ತೂಗಾಟ ಹಿಂದೆ ಬೀಳಬೇಕು. ಅದನ್ನು ಕಳೆದ ಮೇಲೆ ಉಳಿಯುವುದೇ ಕಾಲಡಿಯ ಬಂಡೆಯ ಲೆಕ್ಕ. ಕೆಲಸ ನಡೆದಿರುವಾಗಲೇ, ಆ ಜುಲೈಯಲ್ಲಿ, ಬಸೇವಿ ಲಡಾಖಿನಲ್ಲಿಯೇ ತೀರಿಕೊಂಡರು. ಅವರು ಬರೆದಿಟ್ಟ ಎಣಿಕೆ ಮಾತ್ರ ಉಳಿಯಿತು: ಅಷ್ಟು ಬಂಡೆ ಇದ್ದೂ ಮೋರೆಯಲ್ಲಿ ಗುರುತ್ವ ನಿರೀಕ್ಷೆಗಿಂತ ಕಡಿಮೆ; ಸಮುದ್ರದ ನಡುವಿನ ಮಿನಿಕಾಯ್ ದ್ವೀಪದಲ್ಲಿ ಹೆಚ್ಚು.

ಮತ್ತೆ ಹೇಳುತ್ತೇನೆ, ಲೋಲಕದ ಉದ್ದ ಬದಲಾಗಬಾರದು. ಅದಕ್ಕಾಗಿಯೇ ಸಮೀಕ್ಷೆಯ ಇನ್ನೊಬ್ಬ ಅಧಿಕಾರಿ ಹೆವಿಸೈಡ್ ಉಳಿದ ಕೆಲಸ ಮುಗಿಸಿ, ಏಡನ್ ಮಾರ್ಗವಾಗಿ ಲೋಲಕಗಳನ್ನು ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯಕ್ಕೆ ಒಯ್ದು, ಹೊರಟ ಜಾಗದಲ್ಲಿಯೇ ಅವನ್ನು ಮತ್ತೆ ತೂಗಿಸಿ ನೋಡಿದರು.