ಬೆನ್ನಿಗೆ ನಿಂತ ನಿರ್ಮಾಪಕ: ಬಿ.ಆರ್. ಚೋಪ್ರಾ

ಎಲ್ಲರಿಗೂ ನಮಸ್ಕಾರ.

1988ರ ಅಕ್ಟೋಬರ್ 2, ಭಾನುವಾರ. ಅವತ್ತು ದೂರದರ್ಶನದಲ್ಲಿ 'ಮಹಾಭಾರತ' ಶುರುವಾಯಿತು. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಮರದ ಷಟರ್ ಇದ್ದ ಕಪ್ಪುಬಿಳುಪು ಟಿವಿ. ಬಾಗಿಲ ಹತ್ತಿರ ಚಪ್ಪಲಿ ಬಿಡೋಕೂ ಜಾಗ ಇರುತ್ತಿರಲಿಲ್ಲ. ನಾವೆಲ್ಲ ನೆಲದ ಮೇಲೆ, ನಮ್ಮಜ್ಜಿಗೆ ಮಾತ್ರ ಕುರ್ಚಿ.

ಅಜ್ಜಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೆ ದೇವಸ್ಥಾನದಲ್ಲಿ ಗಮಕ ಕೇಳಿ ಕೇಳಿ ಕುಮಾರವ್ಯಾಸನ ಭಾರತ ಬಾಯಿಗೆ ಬಂದುಬಿಟ್ಟಿತ್ತು. ಪಾತ್ರ ಬಾಯಿ ತೆರೆಯುವ ಮೊದಲೇ ಅಜ್ಜಿ ನಮಗೆ ಹೇಳುತ್ತಿದ್ದರು, "ನೋಡ್ರೋ, ಈಗ ಆಣೆ ಮಾಡ್ತಾನೆ." ಆಮೇಲೆ ಪ್ರತಿಜ್ಞಾ, ವಚನ, ಧರ್ಮ, ಪಿತಾಶ್ರೀ, ಮಾತಾಶ್ರೀ ಅನ್ನೋ ಮಾತು ಕೇಳಿದಾಗೆಲ್ಲ ತಲೆ ಆಡಿಸುತ್ತಿದ್ದರು. "ಇದೇನು, ನಮ್ಮ ಮಾತೇ ಅಲ್ವಾ?" ಅಂತ ಒಂದು ದಿನ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಜ್ಜಿಗೆ ತಮ್ಮದು ಅನ್ನಿಸಿದ ಆ ಮಾತುಗಳನ್ನು ಬರೆದವರು ಡಾ. ರಾಹಿ ಮಾಸೂಮ್ ರಜಾ. ಬರೆಯೋಕೆ ಅವರನ್ನು ಹಿಡಿದು ಕೂರಿಸಿದವರು ಬಲದೇವ್ ರಾಜ್ ಚೋಪ್ರಾ. ನಿರ್ಮಾಪಕ ಅಂದರೆ ದುಡ್ಡು ಹಾಕೋರು ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಯಾರನ್ನು ಆರಿಸಬೇಕು, ಆರಿಸಿದ ಮೇಲೆ ಅವರ ಬೆನ್ನಿಗೆ ಹೇಗೆ ನಿಲ್ಲಬೇಕು ಅನ್ನೋದೇ ಆ ಕೆಲಸದ ಜೀವಾಳ. ಇವತ್ತು ಚೋಪ್ರಾ ಅವರ ಬದುಕಿನ ಬಗ್ಗೆ ಮಾತಾಡೋಕೆ ಒಪ್ಪಿದ್ದೂ ಅದಕ್ಕೇ.

ಅವರು ಹುಟ್ಟಿದ್ದು 1914ರಲ್ಲಿ, ಪಂಜಾಬಿನಲ್ಲಿ. ಲಾಹೋರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು. ಅಲ್ಲೇ 'ಸಿನೆ ಹೆರಾಲ್ಡ್' ಅನ್ನೋ ಪತ್ರಿಕೆಯಲ್ಲಿ ಸಿನಿಮಾ ಬಗ್ಗೆ ಬರೆಯುತ್ತಿದ್ದರು. ಬೇರೆಯವರ ಸಿನಿಮಾದ ಹುಳುಕು ಹೇಳುತ್ತಿದ್ದವರು ತಾವೇ ಒಂದು ತೆಗೆಯೋಕೆ ಹೊರಟರು. ಅಷ್ಟರಲ್ಲಿ 1947 ಬಂತು. ಗಲಭೆ ಹತ್ತಿಕೊಂಡಿತು. ಸಿನಿಮಾ ಅರ್ಧಕ್ಕೇ ನಿಂತಿತು. ಊರು ಬಿಟ್ಟು ದೆಹಲಿಗೆ, ಅಲ್ಲಿಂದ ಬೊಂಬಾಯಿಗೆ ಬಂದರು. ಅಲ್ಲಿ ತೆಗೆದ ಮೊದಲ ಚಿತ್ರ 'ಕರ್ವಟ್' ಓಡಲಿಲ್ಲ. 1951ರಲ್ಲಿ ಅಶೋಕ್ ಕುಮಾರ್ ನಟಿಸಿದ 'ಅಫ್ಸಾನಾ' ಗೆದ್ದ ಮೇಲೆ ಉಸಿರಾಡುವಂತಾಯಿತು. ಮುಂದೆ ಬಿ.ಆರ್. ಫಿಲ್ಮ್ಸ್ ಕಟ್ಟಿದರು. ಅದರ ಮೊದಲ ಚಿತ್ರ 'ಏಕ್ ಹೀ ರಾಸ್ತಾ'. 1956ರಲ್ಲಿ ವಿಧವೆಯ ಮರುಮದುವೆ ಅದರ ವಸ್ತು.

ಮರುವರ್ಷ 'ನಯಾ ದೌರ್'. ಊರಿಗೆ ಬಸ್ ಬಂದರೆ ಜಟಕಾ ಓಡಿಸೋನ ಹೊಟ್ಟೆಪಾಡೇನು ಅನ್ನೋ ಕಥೆ. ನಾಯಕಿ ಮಧುಬಾಲಾ ಅಂತ ಗೊತ್ತಾಗಿತ್ತು, ಒಂದಷ್ಟು ಚಿತ್ರೀಕರಣವೂ ಆಗಿತ್ತು. ಹೊರಾಂಗಣಕ್ಕೆ ಭೋಪಾಲ್ ಕಡೆ ಹೋಗಬೇಕು ಅಂದಾಗ ಅವರ ತಂದೆ ಕಳಿಸೋಲ್ಲ ಅಂದರು. ಚೋಪ್ರಾ ಬಗ್ಗಲಿಲ್ಲ. ಹಳ್ಳಿಯ ಕಥೆಗೆ ಹಳ್ಳಿಯ ಮಣ್ಣೇ ಬೇಕು ಅನ್ನೋದು ಅವರ ಹಠ. ವೈಜಯಂತಿಮಾಲಾ ಅವರನ್ನು ತಂದರು. ವಿಷಯ ಕೋರ್ಟಿಗೆ ಹೋಯಿತು. ದಿಲೀಪ್ ಕುಮಾರ್ ಚೋಪ್ರಾ ಪರ ಸಾಕ್ಷಿ ಹೇಳಿದರು. ಚಿತ್ರ ಗೆದ್ದ ಮೇಲೆ ಕೇಸನ್ನು ಚೋಪ್ರಾ ಅವರೇ ವಾಪಸ್ ತಗೊಂಡರು. ಆ ಜಟಕಾ ಬಸ್ಸಿನ ಓಟವನ್ನು ಒಮ್ಮೆ ನೋಡಿ. ಆ ಧೂಳು ಸ್ಟುಡಿಯೋದಲ್ಲಿ ಏಳುತ್ತಿರಲಿಲ್ಲ.

1960ರ 'ಕಾನೂನ್' ಇನ್ನೊಂದು ಹಠ. ಒಂದೂ ಹಾಡಿಲ್ಲ. ಹಾಡು ಕೇಳಿಯೇ ಹಂಚಿಕೆದಾರರು ಸಿನಿಮಾ ಕೊಳ್ಳುತ್ತಿದ್ದ ಕಾಲ ಅದು. ಕೊಲೆ, ಕೋರ್ಟು, ಗಲ್ಲುಶಿಕ್ಷೆ ಸರಿಯೇ ಅನ್ನೋ ಪ್ರಶ್ನೆ, ಅಷ್ಟನ್ನೇ ಇಟ್ಟುಕೊಂಡು ಪ್ರೇಕ್ಷಕರನ್ನು ಕೂರಿಸಿದರು. ನಿರ್ದೇಶನಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ತಮ್ಮ ಯಶ್ ಚೋಪ್ರಾ ಅವರಿಗೆ ನಿರ್ದೇಶನ ಕೊಟ್ಟು ಬೆಳೆಸಿದ್ದೂ ಇದೇ ಸಂಸ್ಥೆ. 1965ರ 'ವಕ್ತ್' ಹಾಗೆ ಬಂದ ಚಿತ್ರ. 1980ರಲ್ಲಿ 'ಇನ್ಸಾಫ್ ಕಾ ತರಾಜೂ', 1982ರಲ್ಲಿ 'ನಿಕಾಹ್'. ಇವುಗಳ ಬಗ್ಗೆ ಇನ್ನೊಂದು ದಿನ ಮಾತಾಡೋಣ.

ಎಪ್ಪತ್ತು ದಾಟಿದ ಮೇಲೆ ಈ ಮನುಷ್ಯ ಟಿವಿಗೆ ಬಂದರು. ಆಗಿನ ಪ್ರಾಯೋಜಿತ ಧಾರಾವಾಹಿಯಲ್ಲಿ ಜಾಹೀರಾತು ಕಂಪನಿಗಳನ್ನು ಹೊಂದಿಸೋ ಹೊಣೆ ನಿರ್ಮಾಪಕರದ್ದೇ. ಅಂಥ ಹೊರೆ ಹೊತ್ತೂ ಹೊಸ ಮುಖಗಳನ್ನೇ ಜಾಸ್ತಿ ಆರಿಸಿದರು. ಕೃಷ್ಣ ಆದ ನಿತೀಶ್ ಭಾರದ್ವಾಜ್ ಓದಿದ್ದು ಪಶುವೈದ್ಯಕೀಯ. ಭೀಮ ಆದ ಪ್ರವೀಣ್ ಕುಮಾರ್ ಏಷ್ಯನ್ ಕ್ರೀಡಾಕೂಟದಲ್ಲಿ ಡಿಸ್ಕಸ್ ಎಸೆದು ಚಿನ್ನ ಗೆದ್ದವರು.

ಬರವಣಿಗೆಗೆ ಮಾತ್ರ ಅವರಿಗೆ ರಜಾ ಅವರೇ ಬೇಕಿತ್ತು. ರಜಾ ಗಾಜೀಪುರ ಜಿಲ್ಲೆಯ ಗಂಗೌಲಿಯವರು, ದೊಡ್ಡ ಕಾದಂಬರಿಕಾರರು. ಸಮಯ ಇಲ್ಲ ಅಂತ ಮೊದಲು ಒಪ್ಪಲಿಲ್ಲ. ಚೋಪ್ರಾ ಕೇಳಬೇಕಲ್ಲ? ಪತ್ರಕರ್ತರ ಮುಂದೆ ರಜಾ ಹೆಸರನ್ನೇ ಹೇಳಿಬಿಟ್ಟರು. ಮುಸ್ಲಿಮರೊಬ್ಬರ ಕೈಲಿ ಮಹಾಭಾರತ ಬರೆಸುತ್ತೀರಾ, ಹಿಂದೂಗಳಲ್ಲಿ ಯಾರೂ ಉಳಿದಿಲ್ಲವಾ ಅಂತ ಕೋಪದ ಪತ್ರಗಳು ಬಂದವು. ಚೋಪ್ರಾ ಆ ಪತ್ರಗಳನ್ನು ನೇರ ರಜಾ ಅವರಿಗೇ ಕಳಿಸಿದರು. ಓದಿದ ರಜಾ ಫೋನ್ ಮಾಡಿದರು. ಈಗ ನಾನೇ ಬರೀತೀನಿ, ನಾನು ಗಂಗೆಯ ಮಗ ಅಂದರು.

ಇನ್ನೊಬ್ಬ ನಿರ್ಮಾಪಕ ಆಗಿದ್ದರೆ ಆ ಪತ್ರಗಳಿಗೆ ಹೆದರಿ ಸದ್ದಿಲ್ಲದೆ ಹೆಸರು ಬದಲಾಯಿಸುತ್ತಿದ್ದರೇನೋ. ಆಗ ಕಥೆ ಹೇಳೋ 'ಸಮಯ'ವೂ ನಮಗೆ ಸಿಗುತ್ತಿರಲಿಲ್ಲ. ಕಾಲವೇ ಕಥೆ ಹೇಳಬೇಕು ಅನ್ನೋದು ರಜಾ ಕಲ್ಪನೆ, ಹರೀಶ್ ಭಿಮಾನಿ ದನಿ. ಮುಖವೇ ಇಲ್ಲದ ಆ ದನಿ ಬಂದ ತಕ್ಷಣ ನಮ್ಮ ಬೀದಿಯ ಆ ಮನೆಯಲ್ಲಿ ಮಗುವಿನ ಅಳುವೂ ನಿಲ್ಲುತ್ತಿತ್ತು. ಬಾಣಕ್ಕೆ ಬಾಣ ಹೊಡೆಯೋ ದೃಶ್ಯಗಳು ಇವತ್ತಿನ ಮಕ್ಕಳಿಗೆ ಸಪ್ಪೆ ಅನ್ನಿಸಬಹುದು. ಮಾತು ಮಾತ್ರ ಹಾಗೇ ನಿಂತಿದೆ.

1990ರ ಜೂನ್ 24ಕ್ಕೆ, 94 ಕಂತಿಗೆ ಅದು ಮುಗಿಯಿತು. ರಜಾ 1992ರಲ್ಲಿ ಹೋದರು. ಚೋಪ್ರಾ ಅವರಿಗೆ 1998ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. 2008ರ ನವೆಂಬರ್ 5ರಂದು, 94ನೇ ವಯಸ್ಸಿನಲ್ಲಿ ಅವರೂ ತೀರಿಕೊಂಡರು.

2020ರ ಲಾಕ್‌ಡೌನಿನಲ್ಲಿ ಡಿಡಿ ಭಾರತಿಯಲ್ಲಿ ಅದು ಮತ್ತೆ ಬಂತು. ಅಜ್ಜಿ ಇರಲಿಲ್ಲ. ಪಕ್ಕದಲ್ಲಿ ಮಗಳಿದ್ದಳು. ಶುರುವಿನಲ್ಲಿ ಹೆಸರುಗಳು ಬರುವಾಗ ಅವಳು ಎದ್ದು ಅಡುಗೆಮನೆಗೆ ಹೊರಟಳು. "ಒಂದ್ನಿಮಿಷ ಕೂತ್ಕೋ ಪುಟ್ಟಿ" ಅಂದೆ. ಚಿತ್ರಕಥೆ, ಸಂಭಾಷಣೆ ಅಂತ ಬಂದಾಗ ಆ ಹೆಸರನ್ನು ಗಟ್ಟಿಯಾಗಿ ಓದಿದೆ. "ಇವರು ಬರೆದಿದ್ದಾ?" ಅಂತ ವಾಪಸ್ ಬಂದು ಕೂತಳು.